ಗಾಡಿಯ ನೆತ್ತಿಯ ಮೇಲೊಂದು ಕೌದಿ

ವೀಸಾ ಸಿಗದೇ ಹೋಗಬಹುದಿತ್ತು. ಸಿಕ್ಕ ವೀಸಾದಲ್ಲಿ ಅಪ್ಪನ ಹೆಸರಿನ ಜಾಗಕ್ಕೆ ಊರಿನ ಹೆಸರು ಬಂದು ಕೂತಿರಬಹುದಿತ್ತು. ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ನಿಲ್ಲುವ ಚೂರು ಹೊತ್ತಿನಲ್ಲಿ ಹೆಂಡತಿ ಹತ್ತಿ, ಸೂಟ್‌ಕೇಸು ಹತ್ತಿ, ನಾನೊಬ್ಬ ಪ್ಲಾಟ್‌ಫಾರ್ಮಿನಲ್ಲೇ ಉಳಿಯಬಹುದಿತ್ತು. ವಿಮಾನದಲ್ಲಿ ಎದೆನೋವು ಬರಬಹುದಿತ್ತು. ಬಂದರೆ ಅಲ್ಲಿ ಯಾರನ್ನು ಕೂಗಬೇಕು, ಯಾವ ಭಾಷೆಯಲ್ಲಿ ಕೂಗಬೇಕು ಎಂಬುದನ್ನು ನಾನು ಮೊದಲೇ ಯೋಚಿಸಿಟ್ಟಿದ್ದೆ. ನ್ಯೂಜಿಲೆಂಡಿನ ಕಸ್ಟಮ್ಸಿನ ನಾಯಿ ನಮ್ಮ ಗುರೆಳ್ಳು ಚಟ್ನಿಪುಡಿಯನ್ನು ಮೂಸಿ, ಸಂಶಯಪಟ್ಟು, ನಮ್ಮಿಬ್ಬರನ್ನೂ ಒಂದು ಖೋಲಿಗೆ ಕೂಡಿಸಬಹುದಿತ್ತು. ಬಾಡಿಗೆಯಲ್ಲದ, ಎರವಲು ತಂದ ದೊಡ್ಡ ಗಾಡಿಯ ನೆತ್ತಿ ಯಾವುದೋ ಸೇತುವೆಯ ಹೊಟ್ಟೆಗೆ ಬಡಿಯಬಹುದಿತ್ತು. ಗಾಳಿಗೆ ಗಾಡಿ ಮಗುಚಬಹುದಿತ್ತು. ಕಾಲುವೆ ಇಲಾಖೆಯಲ್ಲಿ ಇಷ್ಟು ವರ್ಷ ಕಾರಕೂನಿಕೆ ಮಾಡಿದವನು ಪರದೇಶದ ಕಾಲುವೆಯಲ್ಲಿ ಬಿದ್ದು ಸತ್ತನಂತೆ ಎಂದು ಹುಣಸಗಿಯ ಕಚೇರಿಯಲ್ಲಿ ಮಂದಿ ಎರಡು ನಿಮಿಷ ಮೌನ ಆಚರಿಸಿ, ಮೂರನೆಯ ನಿಮಿಷಕ್ಕೆ ನಗಬಹುದಿತ್ತು. ಹೆಂಡತಿಯ ಹಳೆಯ ದಮ್ಮು, ಆ ಉಬ್ಬಸ, ಏರಿ ಅವಳನ್ನು ಪರದೇಶದ ಆಸ್ಪತ್ರೆಗೆ ಸೇರಿಸಬೇಕಾಗಬಹುದಿತ್ತು. ಸುರಪುರದ ನಮ್ಮ ಮನೆಯ ಬೋರ್‌ವೆಲ್ ಮೋಟರು ಅದೇ ವಾರ ಸುಡಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆಯೇ ಒಂದು, ತೀರ ಸಣ್ಣದು.

ಸುರಪುರ

ಹೋಗಲು ಕಾರಣ ನನ್ನ ಹೆಂಡತಿ ಮಹಾದೇವಿ. ಅವಳು ಪ್ರಾಥಮಿಕ ಶಾಲೆಯ ಟೀಚರು. ನಮ್ಮ ಮದುವೆಯಾದಾಗಿನಿಂದ ಅವಳು ನನ್ನ ಹತ್ತಿರ ಇಂಥದ್ದು ಬೇಕು ಎಂದು ಕೇಳಿದ್ದು ಕಡಿಮೆ. ಆದರೆ ಫ್ರಿಜ್ಜಿನ ಮೇಲಿನ ಖಾನೆ ತೆರೆದಾಗಲೆಲ್ಲ ಅಲ್ಲಿ ಕಟ್ಟಿದ ಬಿಳಿಯ ಪುಡಿಯನ್ನು ಉಗುರಿನಿಂದ ಕೆರೆದು, ಬೆರಳ ಮೇಲೆ ಇಟ್ಟುಕೊಂಡು ನೋಡುತ್ತಿದ್ದಳು. "ಇದೇ ಹಿಂಗ ಮ್ಯಾಲಿಂದ ಬೀಳಾಕತ್ತಿದ್ರ ಹ್ಯಾಂಗ ಕಾಣ್ತಿರಬೇಕ್ರಿ," ಎನ್ನುವಳು. ನಾನು ಫ್ರಿಜ್ ಬೇಗ ಮುಚ್ಚು, ಕರೆಂಟ್ ಬಿಲ್ ಬರ್ತದ ಎನ್ನುವೆ. ಹೀಗೆ ಬಹಳ ವರ್ಷ ನಡೆಯಿತು.

ಅವಳ ತಮ್ಮ ಬಸವರಾಜ ಬೀದರಿನಲ್ಲಿ ದನದ ಡಾಕ್ಟರಿಕೆ ಓದಿ, ಈಗ ನ್ಯೂಜಿಲೆಂಡಿನ ದಕ್ಷಿಣದ ದ್ವೀಪದಲ್ಲಿ ಒಂದು ದೊಡ್ಡ ಹಾಲಿನ ಫಾರ್ಮನ್ನು ನೋಡಿಕೊಂಡಿದ್ದಾನೆ. ಹಿಮ ಬೀಳುವುದನ್ನು ನೋಡುವ ಅಕ್ಕನ ಆಸೆ ಅವನಿಗೆ ಗೊತ್ತು. ಮೇ ತಿಂಗಳ ಶಾಲೆಯ ಸೂಟಿಯಲ್ಲಿ ಬರ್ರಿ, ಆಗ ಇಲ್ಲಿ ಚಳಿ ಶುರುವಾಗಿರ್ತದ, ಬರ್ಫ ಬಿದ್ರ ಬಿದ್ದೀತು ಎಂದು ಫೋನು ಮಾಡಿದ. ನಮ್ಮಲ್ಲಿ ಮೇ ಎಂದರೆ ಹಂಚಿನ ಮೇಲೆ ರೊಟ್ಟಿ ಬೇಯುವ ಹಾಗೆ ನಾವು ಬೇಯುವ ತಿಂಗಳು. ಕೂಲರಿನ ಮುಂದಿನ ಜಾಗಕ್ಕಾಗಿ ಮನೆಮಂದಿಯಲ್ಲಿ ಮಾತು ನಿಲ್ಲುವ ತಿಂಗಳು. ಅಂಥದರಲ್ಲಿ ಮಹಾದೇವಿ ಉಣ್ಣೆಯ ಟೊಪ್ಪಿಗೆಗಳನ್ನು ಹುಡುಕಿಕೊಂಡು ಶಹಾಪುರದ ಬಜಾರನ್ನೆಲ್ಲ ಸುತ್ತಿದಳು. ಅಂಗಡಿಯವನು ಅವಳ ಮುಖವನ್ನು ಎರಡು ಸಲ ನೋಡಿ, ಹಿಂದಿನ ಗೋದಾಮಿನಿಂದ ಹೋದ ವರ್ಷದ ಧೂಳು ಸಮೇತ ತಂದುಕೊಟ್ಟನಂತೆ.

ಸೂಟ್‌ಕೇಸಿನಲ್ಲಿ ಕೊನೆಗೆ ಉಳಿದ ಜಾಗದಲ್ಲಿ ಅವಳು ತನ್ನ ತಾಯಿ ಹಳೆಯ ಸೀರೆಗಳ ತುಂಡು ಸೇರಿಸಿ ಹೊಲಿದ ಕೌದಿಯನ್ನು ತುರುಕಿದಳು. ಅಲ್ಲಿ ಹೊದಿಕೆ ಕೊಡ್ತಾರ ಎಂದೆ. ಕೊಟ್ಟದ್ದು ಬೆಚ್ಚಗಿರ್ತದಂತ ಯಾರ ಹೇಳ್ಯಾರ ಎಂದಳು. ಚಿಂತೆಯ ಗುತ್ತಿಗೆ ನನ್ನದು. ಅಪರೂಪಕ್ಕೆ ಅವಳೂ ಅದರಲ್ಲಿ ಪಾಲು ಕೇಳಿದ್ದರಿಂದ ಸೂಟ್‌ಕೇಸಿನ ಮೇಲೆ ಕೂತು ಮುಚ್ಚಲು ನೆರವಾದೆ.

ಆಶ್‌ಬರ್ಟನ್

ಬಸವರಾಜನ ಊರು ಮುಟ್ಟಿದೆವು, ಆದರೆ ಅಲ್ಲಿಂದ ಬೆಟ್ಟಗಳ ಕಡೆ ಅವನು ನಮ್ಮ ಜೊತೆ ಬರುವ ಹಾಗಿರಲಿಲ್ಲ. ಆ ದೇಶದಲ್ಲಿ ಜೂನ್ ಒಂದಕ್ಕೆ ಹಾಲಿನ ದನ ನೋಡಿಕೊಳ್ಳುವವರಲ್ಲಿ ಬಹಳಷ್ಟು ಮಂದಿ ಒಂದು ಫಾರ್ಮ್ ಬಿಟ್ಟು ಇನ್ನೊಂದಕ್ಕೆ ಹೋಗುತ್ತಾರೆ. ಮನುಷ್ಯರಷ್ಟೇ ಅಲ್ಲ, ದನಗಳೂ. ರಸ್ತೆಯ ತುಂಬ ಲಾರಿ, ಲಾರಿಯ ತುಂಬ ಎಮ್ಮೆಯಷ್ಟು ಎತ್ತರದ ಆಕಳು, ಹಿಂದೆ ಸಂಸಾರದ ಗಂಟುಮೂಟೆ. ಅವನೂ ಆ ಸಲ ಫಾರ್ಮ್ ಬದಲಿಸುವವನಿದ್ದ. ಅದಕ್ಕೇ ತನ್ನ ಮಾಲಕನ ಮನೆಗಾಡಿಯನ್ನು ನಮಗಾಗಿ ಕೇಳಿ ತಂದಿದ್ದ. ಅವರು ಕ್ಯಾಂಪರ್ ವ್ಯಾನ್ ಅನ್ನುತ್ತಾರೆ. ಒಳಗೆ ಮಂಚ, ಒಲೆ, ತೊಳೆಯುವ ತೊಟ್ಟಿ, ಕೂತು ಉಣ್ಣಲು ಮೇಜು. ನಮ್ಮ ಕಚೇರಿಯ ರೆಕಾರ್ಡ್ ರೂಮಿಗಿಂತ ಅಚ್ಚುಕಟ್ಟು. ರಸ್ತೆಯ ಎಡಕ್ಕೇ ಓಡಿಸುವುದು ಎಂಬುದೊಂದೇ ಅದರಲ್ಲಿ ನನಗೆ ಪರಿಚಯವಿದ್ದ ಸಂಗತಿ.

ಗಾಡಿಯ ನೆತ್ತಿಯ ಮೇಲೆ ಬಿಳಿಯ ಬಣ್ಣದ, ಆಮೆಯ ಚಿಪ್ಪಿನಂಥದೊಂದು ಕೂತಿತ್ತು. ಬಸವರಾಜ ಅದನ್ನು ಹೀಟ್ ಪಂಪ್ ಎಂದ. ಅದರ ಕೆಳಗೆ, ಗಾಡಿಯ ಒಳಗಿನ ಛಾವಣಿಯಲ್ಲಿ, ಗಾಳಿ ಬರುವ ಜಾಲರಿ.

"ಮಾಮಾ, ಇದು ಹೊರಗಿನ ಥಂಡಿ ಗಾಳ್ಯಾಗಿನ ಬಿಸಿ ಎಳಕೊಂಡು ಒಳಗ ಬಿಡ್ತದ್ರಿ. ಬ್ಯಾಸಗ್ಯಾಗ ಉಲ್ಟಾ. ಒಳಗಿನ ಬಿಸಿ ತಗದು ಹೊರಗ ಒಗೀತದ."

"ಥಂಡಿ ಗಾಳ್ಯಾಗ ಬಿಸಿ ಎಲ್ಲಿಂದ ಬಂತಪಾ?"

"ಇರ್ತದ್ರಿ. ನಮಗ ಗೊತ್ತಾಗಂಗಿಲ್ಲ. ಅದಕ್ಕ ಗೊತ್ತಾಗ್ತದ."

ತಗ್ಗಿನ ನೀರನ್ನು ದಿಬ್ಬಕ್ಕೆ ಎತ್ತುವ ಏತ ನೀರಾವರಿಯ ಪಂಪುಗಳನ್ನು ನಾನೂ ಕಂಡವನೇ. ಆದರೆ ಅಲ್ಲಿ ತಗ್ಗಿನಲ್ಲಿ ನೀರು ಕಣ್ಣಿಗೆ ಕಾಣುತ್ತದೆ. ಇಲ್ಲಿ ಕೈ ಚಾಚಿದರೆ ಬೆರಳು ಸೆಟೆಯುವ ಗಾಳಿ. ಅದರಲ್ಲಿ ಬಿಸಿ ಇದೆ ಎಂದರೆ, ಖಾಲಿ ಕಾಲುವೆ ತೋರಿಸಿ ನೀರಿದೆ ಎಂದು ರೈತರಿಗೆ ಹೇಳುವ ನಮ್ಮ ಇಂಜಿನಿಯರ್ ಸಾಹೇಬರ ನೆನಪಾಯಿತು. ಬಸವರಾಜ ಫ್ರಿಜ್ಜಿನ ಉದಾಹರಣೆ ಕೊಟ್ಟ. ಫ್ರಿಜ್ಜಿನ ಬೆನ್ನು ಬಿಸಿ ಇರ್ತದಲ್ರಿ ಮಾಮಾ, ಒಳಗಿನ ಬಿಸಿ ಹಿಂದ ಬಂದಿರ್ತದ. ಹಾಗಾದರೆ ನಾವು ಈಗ ಫ್ರಿಜ್ಜಿನ ಬೆನ್ನಿಗೆ ಸಂಸಾರ ಹೂಡುವವರೋ ಎಂದು ಕೇಳಿದೆ. ಅವನು ಸ್ವಲ್ಪ ಯೋಚಿಸಿ, ಹಂಗೇ ತಿಳ್ಕೊರ್ರಿ ಎಂದ.

ಆಮೇಲೆ ಕಟ್ಟಳೆಗಳು. ಯಾವ ಊರಿನಲ್ಲಿ ಇಳಿದರೂ ಕರೆಂಟಿನ ಕಂಬ ಇರುವ ಜಾಗದಲ್ಲೇ ಗಾಡಿ ನಿಲ್ಲಿಸಿ ವಾಯರ್ ಜೋಡಿಸಬೇಕು. ಮಷಿನ್ ನಡೆಯುವಾಗ ನೀರು ಕಾಯಿಸುವ ಕೆಟಲ್ ಹಚ್ಚಬಾರದು, ಎರಡರ ಭಾರ ಆ ಕಂಬ ತಾಳುವುದಿಲ್ಲ. ಒಮ್ಮೆ ಬಂದ್ ಮಾಡಿದರೆ ತಕ್ಷಣ ಚಾಲೂ ಮಾಡಬಾರದು, ಅದಕ್ಕೆ ಉಸಿರು ಬಿಡಲು ಹೊತ್ತು ಕೊಡಬೇಕು. ಛಾವಣಿಯ ಜಾಲರಿಯನ್ನು ಆಗಾಗ ಬಿಚ್ಚಿ ತೊಳೆಯಬೇಕು. ಮೇಲಿನ ಚಿಪ್ಪಿನ ಸುತ್ತ ಎಲೆ, ಕಸ ಕೂಡದಂತೆ ನೋಡಬೇಕು.

ಕೊನೆಗೆ ಅವನು ದನಿ ತಗ್ಗಿಸಿ ಹೇಳಿದ್ದು ಮಾತ್ರ ನನಗೆ ಸರಿಯಾಗಿ ತಿಳಿಯಿತು. ಗಾಡಿಯ ಗ್ಯಾಸ್ ಹೀಟರ್ ಕೆಟ್ಟು ಬಹಳ ದಿನವಾಗಿದೆ. ಬಿಸಿಗೆ ಈ ಮಷಿನ್ ಒಂದೇ ಗತಿ. "ಇದು ಕೈಕೊಡ್ತಂದ್ರ ಅವತ್ತೇ ಹೊಳ್ಳಿ ಬಂದ್ಬಿಡ್ರಿ ಮಾಮಾ. ಅಕ್ಕನ ದಮ್ಮಿಗೆ ಆ ಥಂಡಿ ಆಗಂಗಿಲ್ಲ. ಬರ್ಫ ನೋಡಾದು ಆಮ್ಯಾಲ." ಆಮೇಲೆ ಎಂಬುದು ಇರಲಿಲ್ಲ ಎಂದು ಮೂವರಿಗೂ ಗೊತ್ತಿತ್ತು. ಅವನು ಊರು ಬದಲಿಸುವುದರೊಳಗೆ ಗಾಡಿ ಮರಳಬೇಕು, ಅವಳ ಶಾಲೆ ಶುರುವಾಗುವುದರೊಳಗೆ ನಾವು ಮರಳಬೇಕು. ಬೆಟ್ಟಗಳ ಕಡೆ ಆ ವಾರದ ಕೊನೆಗೆ ಹಿಮ ಬೀಳಬಹುದು ಎಂದು ಅವನ ಫೋನು ಹೇಳುತ್ತಿತ್ತು. ಮಹಾದೇವಿ ಆ ಫೋನನ್ನು ಪರೀಕ್ಷೆಯ ರಿಸಲ್ಟ್ ನೋಡಿದ ಹಾಗೆ ನೋಡಿದಳು.

ಟೆಕಾಪೊ

ಮೊದಲ ಸಂಜೆ ಒಂದು ದೊಡ್ಡ ಕೆರೆಯ ದಂಡೆಯಲ್ಲಿ ನಿಂತೆವು. ಕೆರೆಯ ನೀರು ಮೈಲುತುತ್ತ ಕರಗಿಸಿದ ಹಾಗೆ ನೀಲಿ. ಕುಡಿಯಬಹುದೋ ಇಲ್ಲವೋ ಎಂದು ನಾನು, ಫೋಟೊದಲ್ಲಿ ಬರುತ್ತದೋ ಇಲ್ಲವೋ ಎಂದು ಮಹಾದೇವಿ.

ರಿಮೋಟಿನ ಮೇಲೆ ಅಕ್ಷರ ಇರಲಿಲ್ಲ, ಚಿತ್ರಗಳಿದ್ದವು. ಒಂದು ಸೂರ್ಯ, ಒಂದು ಹಿಮದ ಹೂವು, ಒಂದು ನೀರ ಹನಿ, ಒಂದು ಫ್ಯಾನು. ನಾನು ತರ್ಕ ಹಚ್ಚಿದೆ. ಹೊರಗೆ ಈಗ ಚಳಿ; ಆದ್ದರಿಂದ ಚಳಿಗಾಲದ ಗುಂಡಿ ಒತ್ತಬೇಕು. ಹಿಮದ ಹೂವನ್ನು ಒತ್ತಿದೆ. ಛಾವಣಿಯಿಂದ ಬಂದ ಗಾಳಿಗೆ ನನ್ನ ಹಲ್ಲು ಕಟಕಟ ಅಂದವು. ಬಿಸಿಯಾಗಲು ಹೊತ್ತು ಬೇಕೇನೋ ಎಂದು ಇಬ್ಬರೂ ಟೊಪ್ಪಿಗೆ ಹಾಕಿಕೊಂಡು ಅದರ ಕೆಳಗೇ ಕೂತೆವು. ಬಹಳ ಹೊತ್ತಿನ ಮೇಲೆ ಮಹಾದೇವಿ ರಿಮೋಟನ್ನು ನನ್ನ ಕೈಯಿಂದ ತೆಗೆದುಕೊಂಡು ಸೂರ್ಯನನ್ನು ಒತ್ತಿದಳು.

ತಪ್ಪು ನನ್ನೊಬ್ಬನದೇ ಅಲ್ಲ, ನಮ್ಮ ಸೀಮೆಯದು. ನಮ್ಮಲ್ಲಿ ಹರಸುವುದೇ ತಣ್ಣಗಿರು ಎಂದು. ಒಳ್ಳೆಯ ಸುದ್ದಿ ಕೇಳಿದರೆ ಹೊಟ್ಟೆ ತಣ್ಣಗಾಗುತ್ತದೆ. ಬಿಸಿ ಎಂಬುದು ನಮಗೆ ಜಗಳಕ್ಕೂ ಜ್ವರಕ್ಕೂ ಬಳಸುವ ಮಾತು. ಗುಂಡಿ ಒತ್ತಿ ಬಿಸಿಯನ್ನು ಕರೆಯುವುದು ನಮ್ಮ ಬೆರಳಿಗೇ ರೂಢಿಯಿಲ್ಲ.

ಬಿಸಿ ಬಂತು. ಬಂದ ಸಂತೋಷಕ್ಕೆ ಮಹಾದೇವಿ ಚಹಾಕ್ಕೆಂದು ಕೆಟಲ್ ಹಚ್ಚಿದಳು. ದೀಪ, ಮಷಿನ್, ಕೆಟಲ್ ಮೂರೂ ಒಟ್ಟಿಗೆ ಸತ್ತವು. ಕಂಬದ ಗುಂಡಿ ಎತ್ತಿ ಬಂದೆ. ಮಷಿನ್ ಚಾಲೂ ಮಾಡಿದೆ, ಆಗಲಿಲ್ಲ. ಮತ್ತೆ ಒತ್ತಿದೆ. ಆಮೇಲೆ ಉಸಿರು ಬಿಡಲು ಹೊತ್ತು ಕೊಡಬೇಕು ಎಂಬುದು ನೆನಪಾಗಿ, ಅಷ್ಟರಲ್ಲಿ ನಾನು ಎಷ್ಟು ಸಲ ಅದರ ಉಸಿರು ಕಟ್ಟಿಸಿದೆನೋ ಎಂದು ಗಾಬರಿಯಾದೆ. ಕೊನೆಗೆ ಅದು ತಾನಾಗಿಯೇ ಶುರುವಾಯಿತು. ಕೊಂಚ ಹೊತ್ತು ಚೆನ್ನಾಗಿ ನಡೆದು, ಗಾಳಿ ನಿಂತು, ಮೇಲೆ ಏನೋ ಸುಸ್ಸ್ ಎಂದಿತು. ಹೊರಗೆ ಹೋಗಿ ನೋಡಿದರೆ ನೆತ್ತಿಯಿಂದ ಹೊಗೆ.

ನಾನು ವಾಯರ್ ಕಿತ್ತೆ. ಬಸವರಾಜ ಫೋನು ಎತ್ತಲಿಲ್ಲ. ನಮ್ಮ ಕಡೆ ಆಗ ಇನ್ನೂ ಹಗಲು, ಅಂಗಡಿ ತೆರೆದಿರುವ ಹೊತ್ತು. ಶಹಾಪುರದಲ್ಲಿ ಕೂಲರ್ ರಿಪೇರಿ ಮಾಡುವ ಮೈಬೂಬನಿಗೆ ವಿಡಿಯೊ ಹಚ್ಚಿದೆ. ನಮ್ಮ ಮನೆಯ ಕೂಲರಿಗೆ ವರ್ಷವರ್ಷವೂ ಹುಲ್ಲು ಬದಲಿಸುವವನು ಅವನೇ. ಅವನು ಚಿಪ್ಪನ್ನು ಬಹಳ ಹೊತ್ತು ನೋಡಿದ. ಥಂಡಿಯೊಳಗಿಂದ ಬಿಸಿ ತೆಗೆಯುತ್ತದೆ ಎಂದೆ. ಅವನು ತನ್ನ ಅಂಗಡಿಯಲ್ಲಿದ್ದವರಿಗೆ ಅದನ್ನು ಹೇಳಿದ, ಅಲ್ಲಿ ನಗೆಯಾಯಿತು.

"ಸಾಹೇಬ್ರ, ಅದರ ಕತಿ ನನಗ ತಿಳೀಲಿಲ್ರಿ," ಎಂದ. "ಆದ್ರ ಒಂದ್ ಮಾತು. ಮ್ಯಾಲ ಮುಚ್ಚಿಗಿ ಏನೂ ಕಾಣವಲ್ದಲ್ಲ. ಹಂಗ ಬರಿಮೈಲೆ ಥಂಡ್ಯಾಗ ಬಿಟ್ರ ಯಾವ ಮಷಿನ್ ಬಾಳಿಕಿ ಬರ್ತೈತ್ರಿ?"

ಈ ಮಾತು ನನ್ನ ತಲೆಯಲ್ಲಿ ಕೂತಿತು. ಹೊಗೆಯ ವಿಚಾರವನ್ನು ಮಾತ್ರ ಪಕ್ಕದ ಗಾಡಿಯ ಮೊಯ್ರಾ ಎಂಬ ಹೆಂಗಸು ಬಗೆಹರಿಸಿದರು. ವಯಸ್ಸಾದವರು, ಒಬ್ಬರೇ ತಿರುಗಾಡುವವರು, ಆ ಚಳಿಯಲ್ಲಿ ಡಾಂಬರಿನ ಮೇಲೆ ಬರಿಗಾಲಲ್ಲಿ ನಿಂತಿದ್ದರು. ಅವರನ್ನು ನೋಡಿ ನನಗೇ ನೆಗಡಿಯಾಗುವ ಹಾಗಾಯಿತು. ಅದು ಹೊಗೆಯಲ್ಲ, ಉಗಿ ಎಂದರು. ಚಳಿಗೆ ಮೇಲಿನ ಕೊಳವೆಗಳ ಮೇಲೆ ಮಂಜು ಕಟ್ಟುತ್ತದೆ, ಆಗಾಗ ಅದು ಒಳಗೆ ಗಾಳಿ ಬಿಡುವುದನ್ನು ನಿಲ್ಲಿಸಿ ತನ್ನ ಮಂಜನ್ನು ತಾನೇ ಕರಗಿಸಿಕೊಳ್ಳುತ್ತದೆ. ನನ್ನ ಗಾಡಿಯದೂ ಹೀಗೇ, ಅದು ಕೂತು ಯೋಚನೆ ಮಾಡ್ತಿದೆ ಅಂತ ನಾನು ತಿಳಿದುಕೊಳ್ಳುತ್ತೇನೆ, ನೀವೂ ಅದನ್ನು ಅದರ ಪಾಡಿಗೆ ಬಿಡಿ ಎಂದರು. ಯಾವುದನ್ನೂ ಅದರ ಪಾಡಿಗೆ ಬಿಡುವುದು ನನಗೆ ಬಾರದ ವಿದ್ಯೆ.

ಕಾಲುವೆಯ ದಂಡೆ

ಮರುದಿನ ದಾರಿಯಲ್ಲಿ ಒಂದು ಕಾಲುವೆ ಸಿಕ್ಕಿತು. ನನ್ನನ್ನು ಕೇಳದೆಯೇ ಕಾಲು ಬ್ರೇಕಿನ ಮೇಲೆ ಹೋಯಿತು. ನಮ್ಮ ಎಡದಂಡೆ ಕಾಲುವೆಯಷ್ಟೇ ಅಗಲ, ನೀರು ಮಾತ್ರ ಆ ಕೆರೆಯ ನೀಲಿ. ದಂಡೆಯ ಉದ್ದಕ್ಕೂ ನಡೆದೆ. ಗೇಟಿನ ಕೆಳಗೆ ಕಲ್ಲು ತುರುಕಿರಲಿಲ್ಲ. ರಬ್ಬರ್ ಪೈಪು ಇಳಿಬಿಟ್ಟು ಯಾರೂ ನೀರು ಎಳೆಯುತ್ತಿರಲಿಲ್ಲ. ಕೊನೆಯ ಹೊಲದವರು ನಮಗೆ ನೀರು ಬಂದಿಲ್ಲ ಎಂದು ಕುರ್ಚಿಯ ಮುಂದೆ ಬಂದು ಕೂರುವ ಕಚೇರಿಯೂ ಕಾಣಲಿಲ್ಲ. ಮಡಚುವ ಕುರ್ಚಿ ಹಾಕಿಕೊಂಡು ಕೆಲವರು ಮೀನು ಹಿಡಿಯುತ್ತಿದ್ದರು, ಅವರಲ್ಲಿಯೂ ಜಗಳವಿಲ್ಲ. ಇಷ್ಟು ಸಪ್ಪೆಯಾದ ಕಾಲುವೆಯನ್ನು ನಾನು ನೋಡಿರಲಿಲ್ಲ.

ಈ ನೀರು ಯಾವ ಹೊಲಕ್ಕೆ ಎಂದು ಒಬ್ಬನನ್ನು ಕೇಳಿದೆ. ಹೊಲಕ್ಕಲ್ಲವಂತೆ. ಒಂದು ಕೆರೆಯಿಂದ ಇನ್ನೊಂದಕ್ಕೆ ಹರಿದು, ಇಳಿಜಾರಿನಲ್ಲಿ ಬಿದ್ದು, ಕರೆಂಟು ಮಾಡುತ್ತದಂತೆ. ನಾನು ಗಾಡಿಗೆ ಬಂದು ಮಹಾದೇವಿಗೆ ವಿವರಿಸಿದೆ. ಬೆಟ್ಟದ ಹಿಮ ಕರಗಿ ಕೆರೆಗೆ ಬರುತ್ತದೆ, ಕೆರೆಯಿಂದ ಕಾಲುವೆಗೆ, ಕಾಲುವೆಯಿಂದ ಕರೆಂಟು, ಕರೆಂಟಿನಿಂದ ನಮ್ಮ ನೆತ್ತಿಯ ಪಂಪು, ಆ ಪಂಪು ಥಂಡಿಯೊಳಗಿಂದ ಬಿಸಿ ತೆಗೆದು ನಮಗೆ ಕೊಡುತ್ತದೆ. ಹೇಳುತ್ತ ಹೇಳುತ್ತ ನನಗೇ ದಾರಿ ತಪ್ಪಿತು.

"ಇಷ್ಟು ಸುತ್ತು ಹಾಕಾದ್ರಾಗ ಒಂದ್ ಅಗ್ಗಿಷ್ಟಿಗಿ ಹೊತ್ತಿಸಿದ್ರ ಮುಗೀತಿತ್ತಲ್ರಿ," ಎಂದಳು ಮಹಾದೇವಿ.

ಆ ದಂಡೆಯಲ್ಲೇ ಛಾವಣಿಯ ಜಾಲರಿ ಬಿಚ್ಚಿದೆವು. ಒಳಗೆ ಮಾಲಕನ ನಾಯಿಯ ಕೂದಲು ಒಂದು ಟೊಪ್ಪಿಗೆ ಹೆಣೆಯುವಷ್ಟಿತ್ತು. ಅವಳು ತೊಳೆದು, ಕೊಡವಿ, ಕಿಟಕಿಗೆ ಒಣಹಾಕಿದಳು. ಇನ್ನು ಕರೆಂಟಿನ ಕಂಬ ಸಿಕ್ಕರೆ ಗಾಳಿ ಧಾರಾಳ ಬರುತ್ತದೆ. ನೋಡಿದ್ಯಾ, ನಮ್ಮ ಕೈಗೆ ಮಷಿನ್ ಹೊಂದಿಕೊಂಡಿತು ಎಂದೆ. ಅವಳು ಬೆಟ್ಟದ ಕಡೆಯ ಮೋಡಗಳನ್ನು ನೋಡುತ್ತಿದ್ದಳು.

ಟ್ವೈಝೆಲ್

ಆ ಸಂಜೆ ನಿಂತ ಊರಿನಲ್ಲಿ ಮೊಯ್ರಾ ಅವರ ಗಾಡಿಯೂ ಬಂದಿತ್ತು. ಹೊರಗೆ ಹುಲ್ಲಿನ ಮೇಲೆ ಬೆಳ್ಳಗೆ ಮಂಜು ಕೂಡತೊಡಗಿತ್ತು. ಮಹಾದೇವಿ ಎಲ್ಲರಿಗೂ ಸೇರಿದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯಲು ಹೋಗಿದ್ದಳು. ಆ ಸಪ್ಪಳಕ್ಕೆ ಅಲ್ಲಿನ ಜನ ಒಬ್ಬೊಬ್ಬರೇ ಒಳಗೆ ಇಣುಕಿ ಹೋಗುವುದು ನನಗೆ ಕಾಣುತ್ತಿತ್ತು. ನಾನು ಗಾಡಿಯ ಹಿಂದಿನ ಏಣಿ ಹತ್ತಿ ನೆತ್ತಿಯನ್ನು ನೋಡಿದೆ. ಚಿಪ್ಪಿನ ಪಕ್ಕದ ಸಂದುಗಳಲ್ಲಿ ಬಿಳಿಯ ಮಂಜಿನ ಪೊರೆ. ಪಾಪ, ಎನಿಸಿತು.

ನಮ್ಮಲ್ಲಿ ಜೂನಿನ ಮಿರಗದ ಮಳೆ ಬಿದ್ದು ಬಿಸಿಲು ಮುಗಿಯಿತು ಎಂದರೆ ಮೊದಲ ಕೆಲಸ ಕೂಲರಿಗೆ ಮುಸುಕು ಹಾಕುವುದು. ಗೋಣಿಚೀಲವೋ, ಹಳೆಯ ಚಾದರವೋ, ಅಂತೂ ಮುಚ್ಚಿ ಹಗ್ಗ ಬಿಗಿಯಬೇಕು. ಸುರಪುರದ ಓಣಿಗಳಲ್ಲಿ ಕಿಟಕಿಕಿಟಕಿಗೂ ಹಾಗೆ ಮುಸುಕು ಹಾಕಿಕೊಂಡ ಕೂಲರುಗಳು ಯುಗಾದಿಯವರೆಗೆ ಕೂತಿರುತ್ತವೆ. ಮುಚ್ಚದೆ ಬಿಟ್ಟವರನ್ನು ನಾವು ಸಂಸಾರ ಗೊತ್ತಿಲ್ಲದವರು ಎನ್ನುತ್ತೇವೆ. ಮೈಬೂಬ ಹೇಳಿದ್ದೂ ಅದನ್ನೇ. ಎರವಲು ಗಾಡಿ, ಒಂದೇ ಮಷಿನ್, ಮೈಮೇಲೆ ಬಟ್ಟೆಯಿಲ್ಲ. ನಾನು ಕೆಳಗಿಳಿದು ಸುತ್ತ ನೋಡಿದೆ. ಗೋಣಿಚೀಲ ಎಲ್ಲಿಂದ ಬರಬೇಕು. ಮಂಚದ ಮೇಲೆ ಕೌದಿ ಇತ್ತು.

ಅದನ್ನು ಚಿಪ್ಪಿಗೆ ನಾಲ್ಕೂ ಕಡೆ ಸುತ್ತಿ, ಬಟ್ಟೆ ಒಣಹಾಕುವ ದಾರದಿಂದ ಕಟ್ಟಿ ಇಳಿದೆ. ಎಷ್ಟೋ ದಿನದ ಮೇಲೆ ಒಂದು ಕೆಲಸ ಸರಿಯಾಗಿ ಮಾಡಿದ ಸಮಾಧಾನ. ಮಹಾದೇವಿಗೆ ಹೇಳಲಿಲ್ಲ; ತಾಯಿಯ ಕೌದಿಯ ವಿಷಯ, ಮುಂಜಾನೆ ಬೇಗ ಎದ್ದು ಬಿಚ್ಚಿದರಾಯಿತು ಎಂದುಕೊಂಡೆ. ಗಾಡಿಯ ಹೊದಿಕೆಗಳು ದಪ್ಪಗಿದ್ದವು. ಉಂಡು ಮಲಗಿದೆವು.

ಎಚ್ಚರವಾದಾಗ ಬೆಳಕಾಗಿತ್ತು, ಬಾಯಿಯಿಂದ ಉಗಿ ಬರುತ್ತಿತ್ತು. ಮಷಿನ್ ಮೌನ. ಛಾವಣಿಯಲ್ಲಿ ಕೆಂಪು ದೀಪ ಮಿಣುಕುತ್ತಿತ್ತು. ಮಹಾದೇವಿ ಎದ್ದು ಕೂತು ಕೆಮ್ಮುತ್ತಿದ್ದಳು. ಆ ಕೆಮ್ಮಿನ ತುದಿಯಲ್ಲಿ ಸಿಳ್ಳೆಯ ಸದ್ದು ಇತ್ತು. ದಮ್ಮಿನ ಪಂಪನ್ನು ಬಾಯಿಗಿಟ್ಟು ಔಷಧ ಎಳೆದುಕೊಂಡಳು. ನಾನು ಗುಂಡಿ ಒತ್ತಿದೆ, ಕಾದೆ, ಕಂಬಕ್ಕೆ ಹೋಗಿ ಬಂದೆ, ಜಾಲರಿ ಬಿಚ್ಚಿ ಹಾಕಿದೆ. ಒಳಗಿನದನ್ನೆಲ್ಲ ನೋಡಿದೆ. ನೆತ್ತಿಯ ನೆನಪೇ ಬರಲಿಲ್ಲ. ಒಳ್ಳೆಯದು ಮಾಡಿಟ್ಟ ಜಾಗವನ್ನು ಯಾರು ಸಂಶಯದಿಂದ ನೋಡುತ್ತಾರೆ.

ಬಸವರಾಜ ಈ ಸಲ ಫೋನು ಎತ್ತಿದ. ಹಿಂದೆ ದನಗಳ ಕೂಗು, ಲಾರಿಯ ಸದ್ದು. ಕೆಂಪು ದೀಪ ಎಂದೆ, ಅಕ್ಕ ಕೆಮ್ಮುತ್ತಿದ್ದಾಳೆ ಎಂದೆ. ಅವನು ಹೇಳಿದ. "ಮಾಮಾ, ಹಂಗಾದ್ರ ಹೊಳ್ಳಿ ಬಂದ್ಬಿಡ್ರಿ. ಮುಂದ ಹೋದಷ್ಟು ದವಾಖಾನಿ ದೂರ ಆಗ್ತದ."

ಫೋನು ಸ್ಪೀಕರಿನಲ್ಲಿತ್ತು. ಮಹಾದೇವಿ ಮಂಚದಿಂದ ಇಳಿದಳು. ಹೊದಿಕೆ ಮಡಚಿದಳು. ಟೊಪ್ಪಿಗೆಗಳನ್ನು ಒಂದರೊಳಗೊಂದು ಇಟ್ಟಳು. ಹಣೆಗೆ ಬೆರಳು ಒತ್ತಿ ಕುಂಕುಮ ಸರಿಮಾಡಿಕೊಂಡು, ಕಿಟಕಿಯ ಕಡೆ ನೋಡದೆ ಹೇಳಿದಳು.

"ನಡೀರಿ. ಬರ್ಫ ಟೀವ್ಯಾಗ ತೋರಸ್ತಾರ."

ನಾನು ಹತ್ತು ತಲೆಮಾರಿನ ಅನಾಹುತಗಳನ್ನು ಊಹಿಸಿಕೊಂಡು ಬಂದವನು. ಈ ಮಾತನ್ನು ಮಾತ್ರ ಊಹಿಸಿರಲಿಲ್ಲ. ಗಾಡಿಯ ಚಾವಿ ಹುಡುಕಿದೆ.

"ಕೌದಿ ಎಲ್ಲಿ ಹೋತ್ರಿ?" ಎಂದಳು. "ರಾತ್ರಿನೂ ಹುಡುಕಿದೆ. ಅದೊಂದು ಇಟ್ರ ಚೀಲ ಮುಗೀತು."

ಆಗ ನನ್ನ ತಲೆ ತಾನಾಗಿಯೇ ಮೇಲಕ್ಕೆ ಹೋಯಿತು.

ಏಣಿ ಹತ್ತಿದಾಗ ಕೆಳಗೆ ಮೊಯ್ರಾ ಬಂದು ನಿಂತರು, ಬರಿಗಾಲಲ್ಲಿ, ಚಹಾದ ಕಪ್ಪು ಹಿಡಿದು. ಕೌದಿ ನೆನೆದು, ಹೆಪ್ಪುಗಟ್ಟಿ, ಹಲಗೆಯ ಹಾಗೆ ಸೆಟೆದಿತ್ತು. ಗಾಳಿ ಒಳಹೋಗುವ, ಹೊರಬರುವ ಸಂದುಗಳನ್ನೆಲ್ಲ ಅದು ಮುಚ್ಚಿತ್ತು. ನಿನ್ನೆ ಸಂಜೆಯೇ ನೋಡಿದೆ ಎಂದರು ಮೊಯ್ರಾ. ನಿಮ್ಮ ಹಬ್ಬವೇನೋ ಇರಬೇಕು, ಕೇಳಿದರೆ ಚೆನ್ನಾಗಿರುವುದಿಲ್ಲ ಎಂದು ಸುಮ್ಮನಾದೆ; ಎಷ್ಟು ಚಂದದ ಬಣ್ಣಗಳು, ಒಂದು ಫೋಟೊ ಮಾತ್ರ ತೆಗೆದುಕೊಂಡೆ ಎಂದು ಸೇರಿಸಿದರು. ನಾನು ಏಣಿಯ ಮೇಲೆ ನಿಂತು ಆ ದೇಶದ ಸಭ್ಯತೆಯನ್ನು ಮನಸ್ಸಿನಲ್ಲೇ ಬೈದೆ. ಸುರಪುರದಲ್ಲಾಗಿದ್ದರೆ ಮೊದಲ ಗಂಟು ಹಾಕುವುದರೊಳಗೆ ಏಣಿಯ ಬುಡದಲ್ಲಿ ಒಂದು ಓಣಿ ಸೇರುತ್ತಿತ್ತು. ಏನ್ ಮಾಡಾಕತ್ತೀರಿ, ಯಾಕ್ ಮಾಡಾಕತ್ತೀರಿ, ಹಂಗಲ್ರಿ ಹಿಂಗ, ಎಂದು ಕೂಗಾಡಿ ತಲೆಚಿಟ್ಟು ಹಿಡಿಸುತ್ತಿದ್ದರು. ಅವರಲ್ಲಿ ಒಬ್ಬನಾದರೂ ಉಸಿರಾಡುವ ಮಷಿನ್ನಿನ ಮೂಗು ಮುಚ್ಚಬೇಡ ಅನ್ನುತ್ತಿದ್ದ.

ಕೌದಿ ಇಳಿಸಿ ತಂದೆ. ಮಹಾದೇವಿ ಅದನ್ನೂ ನನ್ನನ್ನೂ ನೋಡಿದಳು.

"ಮಷಿನ್‌ಗ ಹೊಚ್ಚೀರಿ. ನನಗ ಹೊಚ್ಚಲಿಲ್ಲ."

ನಾನು ಕೌದಿಯನ್ನು ಏಣಿಯ ಮೇಲೆ ಒಣಹಾಕಿದೆ. ಚಾವಿ ಕೈಯಲ್ಲಿ ಹಿಡಿದು ಕಾದೆವು. ಬಿಸಿಲು ಸ್ವಲ್ಪ ಏರಿತು. ಕೆಂಪು ದೀಪ ಹೋಗಿ ಹಸಿರು ಬಂತು. ಮೇಲೆ ಸುಸ್ಸ್ ಎಂದಿತು, ಉಗಿ ಎದ್ದಿತು. ನಾನು ವಾಯರಿನ ಕಡೆ ಓಡಲಿಲ್ಲ, ಕೈ ಕಟ್ಟಿಕೊಂಡು ನಿಂತೆ. ಆಮೇಲೆ ಛಾವಣಿಯಿಂದ ಬೆಚ್ಚನೆಯ ಗಾಳಿ ಇಳಿದು ಅವಳ ಸೆರಗನ್ನು ಅಲುಗಿಸಿತು. ಅವಳ ಕೆಮ್ಮು ಮಧ್ಯಾಹ್ನದ ಹೊತ್ತಿಗೆ ಸಡಿಲಾಯಿತು. ಬಸವರಾಜನಿಗೆ ಫೋನು ಮಾಡಿದಳು. ಕೌದಿಯ ಸಂಗತಿ ಹೇಳಿದ್ದು ಕೇಳಿ ಅವನು ಲಾರಿಯ ಸದ್ದನ್ನೂ ಮೀರಿ ನಕ್ಕ. ಹಂಗಾದ್ರ ಮುಂದ ಹೋಗಿ ಬರ್ರಿ, ಆದರೆ ಮಾಮಾನ ಏಣಿ ಹತ್ತಾಕ ಬಿಡಬ್ಯಾಡ ಎಂದ.

ಬೆಟ್ಟದ ಬುಡ

ಬೆಟ್ಟಗಳ ಬುಡದಲ್ಲಿ ಗಾಡಿಗಳು ನಿಲ್ಲುವ ಜಾಗವೊಂದಿತ್ತು. ನಾವು ಮುಟ್ಟುವ ಹೊತ್ತಿಗೆ ಮೋಡ ಕೆಳಗಿಳಿದು ಬೆಟ್ಟಗಳೇ ಇರಲಿಲ್ಲ. ವಾಯರ್ ಜೋಡಿಸಿದೆ. ಸೂರ್ಯನನ್ನು ಒತ್ತಿದೆ. ಚಳಿ ಹೆಚ್ಚಿದ ಹಾಗೆ ಮಷಿನ್ ಮತ್ತೆ ಮತ್ತೆ ನಿಂತು ಯೋಚಿಸತೊಡಗಿತು. ಪ್ರತಿ ಸಲವೂ ನನಗೆ ಇದೇ ಕೊನೆ ಎನಿಸುತ್ತಿತ್ತು. ಮುಂಜಾನೆಯ ಸಿಳ್ಳೆಯ ಕೆಮ್ಮು ಕಿವಿಯಲ್ಲೇ ಇತ್ತು. ಒಳಗೆ ನಿಂತು ಜಾಲರಿಗೆ ಅಂಗೈ ಹಿಡಿದೆ. ಒಂದು ಸಲ ಗಾಳಿ ನಿಂತದ್ದು ಬೇಗ ಮರಳಲಿಲ್ಲ.

ಮಹಾದೇವಿ ಶಾಲು ಹೊದ್ದು ಹೊರಗೆ ಹೋಗಿದ್ದಳು.

"ರೀ, ಬರ್ರಿ ಹೊರಗ," ಎಂದು ಕೂಗಿದಳು. ದನಿ ಜೋರಿರಲಿಲ್ಲ, ಮಲಗಿದವರ ಪಕ್ಕದಲ್ಲಿ ಮಾತಾಡಿದ ಹಾಗಿತ್ತು.

ಬಂದೆ, ಇದೊಂದು ಗಾಳಿ ಬಿಡಲಿ ಎಂದೆ. ನನ್ನ ಕಣ್ಣು ಜಾಲರಿಯ ಮೇಲೇ ಇತ್ತು. ಅವಳು ಮತ್ತೊಮ್ಮೆ ಕರೆದಳು, ಬೀಳಾಕತ್ತದ್ರಿ ಎಂದಳು. ಒಂದೇ ನಿಮಿಷ ಎಂದೆ. ಮಷಿನ್ ಕೆಟ್ಟರೆ ಅವಳು ಒಳಗೆ ಬಂದಾಗ ಏನು ಗತಿ ಎಂಬುದೊಂದೇ ಯೋಚನೆ. ಕೊನೆಗೆ ಅದು ಗುರ್ರ್ ಎಂದು ಬಿಸಿಗಾಳಿ ಬಿಟ್ಟಿತು. ಗೆದ್ದವನ ಹಾಗೆ ರಿಮೋಟು ಎತ್ತಿ ಬಿಸಿಯನ್ನು ಎಷ್ಟು ಏರಿಸಬಹುದೋ ಅಷ್ಟು ಏರಿಸಿದೆ. ಗಾಡಿಯ ಒಳಗು ನಮ್ಮ ಮೇ ತಿಂಗಳಿನ ಹಾಗಾಯಿತು.

ಬಾಗಿಲು ತೆರೆದು ಮಹಾದೇವಿ ಒಳಗೆ ಬಂದಳು. ಹುಬ್ಬಿನ ಮೇಲೆ, ಶಾಲಿನ ಮೇಲೆ ಬಿಳಿಯ ಚುಕ್ಕೆಗಳು. ಮುಖ ಕೆಂಪಾಗಿತ್ತು. ಅವಳು ಅಷ್ಟು ಚಂದ ಕಾಣುತ್ತಾಳೆ ಎಂಬುದನ್ನೇ ನಾನು ಮರೆತುಬಿಟ್ಟಿದ್ದೆ. ಎರಡೂ ಕೈ ಬೊಗಸೆ ಮಾಡಿ ಮುಚ್ಚಿ ಹಿಡಿದಿದ್ದಳು. ನೆಲಕ್ಕೆ ಬಿದ್ದದ್ದು ನಿಲ್ಲವಲ್ದು, ಅದಕ್ಕೇ ಶಾಲಿನ ಮ್ಯಾಲ ಹಿಡಿದು ಕೂಡಿಸಿದೆ, ನೋಡ್ರಿ ಎಂದು ನನ್ನ ಮುಂದೆ ಬೊಗಸೆ ತೆರೆದಳು.

ನೀರಿತ್ತು. ಹುಬ್ಬಿನ ಮೇಲಿನದೂ ಅಷ್ಟರಲ್ಲಿ ಹನಿಯಾಗಿ ಜಾರಿತು.

"ಈಗ ಇತ್ರಿ," ಎಂದಳು.

ನಾನು ರಿಮೋಟು ಒಗೆದು, ಚಪ್ಪಲಿಯಿಲ್ಲದೆ, ಟೊಪ್ಪಿಗೆಯಿಲ್ಲದೆ ಹೊರಗೆ ಓಡಿದೆ. ಮೋಡ ಸರಿದು ಬೆಟ್ಟಗಳು ತೆರೆದುಕೊಳ್ಳುತ್ತಿದ್ದವು. ಮೇಲಿನಿಂದ ಏನೂ ಬೀಳುತ್ತಿರಲಿಲ್ಲ.